ಜೋಡೆತ್ತಿನಿಂದ ಕೈಯವರೆಗೆ

ನಮ್ಮ ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಬಸ್ಸಿನ ಬೋರ್ಡು ಓದಲಾರಳು. ರೇಶನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಸಕ್ಕರೆ ತರುತ್ತಿದ್ದಳು. ಆದರೆ ಚುನಾವಣೆಯ ಗುರುತುಗಳನ್ನು ಮಾತ್ರ ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸಿದಂತೆ ಸಾಲಾಗಿ ಹೇಳುತ್ತಿದ್ದಳು: ಜೋಡೆತ್ತು, ಚರಕ, ಆಕಳು-ಕರು, ನೇಗಿಲು ಹೊತ್ತ ರೈತ, ಕೈ. ಅವಳ ಪಾಲಿಗೆ ದೇಶದ ರಾಜಕೀಯವೆಂದರೆ ಈ ಐದು ಚಿತ್ರಗಳೇ.

ನಾನು ದೊಡ್ಡವಳಾದ ಮೇಲೆ ಒಂದು ವಿಷಯ ಹೊಳೆಯಿತು. ಈ ಐದರಲ್ಲಿ ಆಕಳು-ಕರು ಒಂದನ್ನು ಬಿಟ್ಟರೆ ಉಳಿದ ನಾಲ್ಕೂ ಬೇರೆ ಬೇರೆ ಕಾಲದಲ್ಲಿ ಒಬ್ಬರದೇ ಪಕ್ಷದ ಗುರುತುಗಳಾಗಿದ್ದವು. ಅವರು ಚಿಂಚೋಳಿಯ ವೀರೇಂದ್ರ ಪಾಟೀಲರು, ಎರಡು ಸಲ ಈ ರಾಜ್ಯದ ಮುಖ್ಯಮಂತ್ರಿಯಾದವರು. ಉಳಿದ ಆ ಒಂದು ಗುರುತಿಗೂ ಅವರಿಗೂ ಎಂಥ ಸಂಬಂಧವಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ.

ನಮ್ಮದು ಭಂಕೂರ, ಶಹಾಬಾದಕ್ಕೆ ಹೊಂದಿಕೊಂಡ ಊರು. ನಿಮ್ಮ ಮನೆಯ ಅಡುಗೆಕೋಣೆಗೋ ಅಂಗಳಕ್ಕೋ ಶಹಾಬಾದ ಪರ್ಸಿ ಹಾಸಿದ್ದರೆ, ಅದು ನಮ್ಮ ಕಡೆಯ ನೆಲದಿಂದಲೇ ಬಂದದ್ದು. ಒಂದು ಕಡೆ ಕಲ್ಲಿನ ಗಣಿ, ಇನ್ನೊಂದು ಕಡೆ ಸಿಮೆಂಟಿನ ದೂಳು, ನಡುವೆ ತೊಗರಿ, ಜೋಳದ ಹೊಲ. ಈಗ ಶಹಾಬಾದವೇ ತಾಲ್ಲೂಕಾಗಿದೆ. ಆಗ ಎಲ್ಲದಕ್ಕೂ ಚಿತ್ತಾಪುರಕ್ಕೆ ಹೋಗಬೇಕಿತ್ತು. ಆಯಿ ಈ ಊರಿಗೆ ಸೊಸೆಯಾಗಿ ಬಂದವಳು. ಅವಳ ತವರು ಚಿಂಚೋಳಿ ಸೀಮೆಯ ಒಂದು ಹಳ್ಳಿ. ಹೀಗಾಗಿ ವೀರೇಂದ್ರ ಪಾಟೀಲರ ಹೆಸರು ನಮ್ಮ ಮನೆಯಲ್ಲಿ ರಾಜಕೀಯದ ಹೆಸರಾಗಿ ಬರುತ್ತಿರಲಿಲ್ಲ, ತವರಿನ ಹೆಸರಾಗಿ ಬರುತ್ತಿತ್ತು. ತವರಿನ ನಾಯಿ ಬಂದರೂ ಮಣೆ ಹಾಕುವವರು ನಾವು ಹೆಣ್ಣುಮಕ್ಕಳು. ಇನ್ನು ತವರಿನ ಮಗ ಮುಖ್ಯಮಂತ್ರಿಯಾದರೆ ಕೇಳಬೇಕೆ?

ವೀರೇಂದ್ರ ಪಾಟೀಲರು ಹುಟ್ಟಿದ್ದು 1924ರ ಫೆಬ್ರವರಿ 28ರಂದು. ಆಗ ನಮ್ಮ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಮಾತು ಉರ್ದು, ಮನೆಯ ಮಾತು ಕನ್ನಡ. ಹೆಚ್ಚಿಗೆ ಓದಬೇಕೆನ್ನುವವರು ಹೈದರಾಬಾದಿನ ದಾರಿ ಹಿಡಿಯಬೇಕಿತ್ತು. ಪಾಟೀಲರೂ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ವಕೀಲರಾದರು. ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂದರೂ ನಮಗೆ ಬಂದದ್ದು ಒಂದು ವರ್ಷ ತಡವಾಗಿ, 1948ರ ಸೆಪ್ಟೆಂಬರ್ 17ರಂದು. ನಡುವಿನ ಆ ಒಂದು ವರ್ಷದ ರಜಾಕಾರರ ಹಾವಳಿಯನ್ನು ನೆನೆದರೆ ಆಯಿ ಕೊನೆಯವರೆಗೂ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಅಂಥ ನಾಡಿಗೆ 1952ರಲ್ಲಿ ಮೊದಲ ಚುನಾವಣೆ ಬಂತು. ಇನ್ನೂ ಇಪ್ಪತ್ತೆಂಟರ ಹರೆಯದ ಪಾಟೀಲರು ಹೈದರಾಬಾದ್ ವಿಧಾನಸಭೆಗೆ ಆರಿಸಿ ಹೋದರು.

ಆ ಚುನಾವಣೆಯಲ್ಲಿ ಆಯಿಯೂ ಓಟು ಹಾಕಿದ್ದಳು. ಆ ಕಥೆಯನ್ನು ಅವಳು ಎಷ್ಟು ಸಲ ಹೇಳಿದರೂ ನಮಗೆ ಬೇಸರವಾಗುತ್ತಿರಲಿಲ್ಲ. ಮತದಾರರ ಪಟ್ಟಿ ಬರೆಯುವವರು ಮನೆ ಬಾಗಿಲಿಗೆ ಬಂದಾಗ ಓಣಿಯ ಹೆಂಗಸರೆಲ್ಲ ಒಳಗೆ ಓಡಿದರಂತೆ. ಹೆಸರು ಕೇಳಿದರೆ "ಇಂಥವರ ಹೆಂಡತಿ, ಇಂಥವನ ತಾಯಿ" ಎನ್ನುವುದೇ ರೂಢಿ. ಇದು ನಮ್ಮ ಓಣಿಯ ಮಾತಷ್ಟೇ ಅಲ್ಲ. ದೇಶದ ಪಟ್ಟಿಯಲ್ಲಿ ಬರಬೇಕಿದ್ದ ಸುಮಾರು 8 ಕೋಟಿ ಮಹಿಳೆಯರಲ್ಲಿ 28 ಲಕ್ಷದಷ್ಟು ಮಂದಿ ತಮ್ಮ ಹೆಸರು ಹೇಳಲಿಲ್ಲವೆಂಬ ಕಾರಣಕ್ಕೇ ಪಟ್ಟಿಯಿಂದ ಹೊರಗುಳಿದರು. ಆಯಿ ಮಾತ್ರ ಬಾಗಿಲ ಮರೆಯಿಂದಲೇ ತನ್ನ ಹೆಸರು ಕೂಗಿ ಹೇಳಿದಳಂತೆ. ಅತ್ತೆ ಆಮೇಲೆ ಬೈದಳು, ಅದು ಬೇರೆ ಮಾತು. ಆಗ ಚೀಟಿಗೆ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಮೇಲೆ ಅವರವರ ಗುರುತು. ತನಗೆ ಬೇಕಾದವರ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರಬೇಕು. "ಜೋಡೆತ್ತಿನ ಡಬ್ಬಿಗೆ ಹಾಕ್ದೆ, ಕೈ ಮುಗದು ಬಂದೆ" ಎನ್ನುತ್ತಿದ್ದಳು ಆಯಿ.

1956ರ ನವೆಂಬರ್ 1ರಂದು ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡದ ಜನ ಮೈಸೂರು ರಾಜ್ಯದಲ್ಲಿ ಸೇರಿದೆವು. ಪಾಟೀಲರು 1957ರಿಂದ ಚಿಂಚೋಳಿಯಿಂದಲೇ ಗೆಲ್ಲುತ್ತ ಬಂದು ಎಸ್. ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿಯಾದರು. ಲೋಕೋಪಯೋಗಿ ಖಾತೆ ನೋಡಿಕೊಂಡರು. ರಾಮಕೃಷ್ಣ ಹೆಗಡೆ ಮತ್ತು ವೀರೇಂದ್ರ ಪಾಟೀಲ ಈ ಇಬ್ಬರನ್ನೂ ಜನ ನಿಜಲಿಂಗಪ್ಪನವರ ಲವ-ಕುಶ ಎಂದೇ ಕರೆಯುತ್ತಿದ್ದರು. ನಿಜಲಿಂಗಪ್ಪನವರು ಕಾಂಗ್ರೆಸ್ಸಿನ ಅಖಿಲ ಭಾರತ ಅಧ್ಯಕ್ಷರಾಗಿ ದಿಲ್ಲಿಯ ಕಡೆ ನಡೆದಾಗ ಮುಖ್ಯಮಂತ್ರಿ ಪದವಿ ಪಾಟೀಲರಿಗೆ ಬಂತು. ಅದು 1968ರ ಮೇ 29. ನಿಜಾಮರ ಸೀಮೆಯಿಂದ ಬಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಕುರ್ಚಿ ಏರಿದವರಲ್ಲಿ ಅವರೇ ಮೊದಲಿಗರು. ಹಿಂದುಳಿದವರು, ತೆಲುಗು-ಉರ್ದು ಬೆರಕೆಯ ಮಾತಿನವರು ಎಂದು ನಮ್ಮನ್ನು ನೋಡುತ್ತಿದ್ದ ಕಾಲವದು. ಆ ದಿನ ಆಯಿ ಓಣಿಗೆಲ್ಲ ಸಕ್ಕರೆ ಹಂಚಿದ್ದಳೆಂದು ನಮ್ಮವ್ವ ಹೇಳುತ್ತಿದ್ದಳು.

ಆ ಸಿಹಿ ಬಹಳ ದಿನ ಉಳಿಯಲಿಲ್ಲ. 1969ರ ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ಸಿನ ದೊಡ್ಡ ಸಭೆ ನಡೆಯಿತು. ರಾಷ್ಟ್ರಪತಿಯ ಹುದ್ದೆಗೆ ಯಾರು ಎಂಬ ಪ್ರಶ್ನೆಯಲ್ಲಿ ಇಂದಿರಾ ಗಾಂಧಿಯವರಿಗೂ ಹಿರಿಯರಿಗೂ ಬಿರುಕು ಬಿಟ್ಟದ್ದು ಇಲ್ಲಿಯೇ. ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ ಎರಡಾಯಿತು. ಪಾಟೀಲರು ಗುರುವಿನ ಕೈ ಬಿಡದೆ ಹಳೆಯ ಕಾಂಗ್ರೆಸ್ಸಿನಲ್ಲಿ ಉಳಿದರು. ಜೋಡೆತ್ತಿನ ಗುರುತು ಇಬ್ಬರ ಕೈಯಿಂದಲೂ ಹೋಯಿತು. ಇವರಿಗೆ ಚರಕ ನೂಲುವ ಹೆಣ್ಣುಮಗಳು, ಇಂದಿರಾ ಅವರಿಗೆ ಆಕಳು-ಕರು.

1971ರ ಮಾರ್ಚಿನಲ್ಲಿ ಲೋಕಸಭೆಯ ಚುನಾವಣೆ ಬಂತು. ರಾಜ್ಯದ 27 ಸ್ಥಾನಗಳಲ್ಲಿ 27ನ್ನೂ ಆಕಳು-ಕರು ಗೆದ್ದಿತು. ಆ ಫಲಿತಾಂಶ ನೋಡಿ ಪಾಟೀಲರ ಪಕ್ಷದ ಶಾಸಕರು ಒಬ್ಬೊಬ್ಬರಾಗಿ ಆ ಕಡೆ ಸರಿದರು. ಪಕ್ಷಾಂತರ ತಡೆಯುವ ಕಾಯ್ದೆ ಬಂದದ್ದು 1985ರಲ್ಲಿ. ಆಗ ಯಾರು ಎಲ್ಲಿಗೆ ಬೇಕಾದರೂ ಹಾರಬಹುದಿತ್ತು. ಬಹುಮತ ಕಳೆದುಕೊಂಡ ಪಾಟೀಲರು ಮಾರ್ಚ್ 18ರಂದು ರಾಜೀನಾಮೆ ಕೊಟ್ಟರು. ರಾಜ್ಯಕ್ಕೆ ಮೊದಲ ಸಲ ರಾಷ್ಟ್ರಪತಿ ಆಳ್ವಿಕೆ ಬಂತು. ಒಂದು ವರ್ಷದ ಮೇಲೆ ದೇವರಾಜ ಅರಸರು ಮುಖ್ಯಮಂತ್ರಿಯಾದರು.

ಆ ಚುನಾವಣೆಯಲ್ಲಿ ಆಯಿ ಯಾವುದಕ್ಕೆ ಒತ್ತಿದ್ದಳು ಎಂಬುದನ್ನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ. ಒಮ್ಮೆ ತೊಗರಿಬೇಳೆ ಆರಿಸುತ್ತ ಕುಳಿತಾಗ ತಾನಾಗಿಯೇ ಬಾಯಿಬಿಟ್ಟಳು. "ಆಕಳಿಗೇ ಒತ್ತಿದ್ದೆ, ಯವ್ವಾ. ಹೆಣ್ಣುಮಗಳು ಒಬ್ಬಾಕಿ ಇಷ್ಟ ಗಂಡಸರ ನಡುವ ನಿಂತಾಳ, ಆಕೀಗಿ ಒಂದ್ ಓಟು ಬೀಳ್ಲಿ ಅಂದೆ. ಅದರಿಂದ ಪಾಟೀಲರ ಕುರ್ಚಿ ಹೋಗ್ತದಂತ ನನಗೇನ ಗೊತ್ತು?" ತವರಿನ ಮಗನನ್ನು ತಾನೇ ಕೆಳಗಿಳಿಸಿದೆ ಎಂಬ ಒಂದು ಅಳುಕು ಅವಳ ಮನಸ್ಸಿನಲ್ಲಿ ಕುಳಿತುಬಿಟ್ಟಿತ್ತು. ಓಟೆಂಬುದು ಅಷ್ಟು ಬಲವುಳ್ಳದ್ದು ಎಂದು ಅವಳು ನಂಬಿದ್ದಳು.

ಮುಂದೆ ಪಾಟೀಲರು ಆರು ವರ್ಷ ರಾಜ್ಯಸಭೆಯಲ್ಲಿದ್ದರು. ತುರ್ತುಪರಿಸ್ಥಿತಿ ಬಂತು, ಹೋಯಿತು. ಹಳೆಯ ಕಾಂಗ್ರೆಸ್ ಜನತಾ ಪಕ್ಷದಲ್ಲಿ ಕರಗಿತು. ಚರಕ ಹೋಗಿ ಚಕ್ರದೊಳಗಿನ ನೇಗಿಲು ಹೊತ್ತ ರೈತ ಬಂದ. ಅಷ್ಟರಲ್ಲಿ 1978ರ ಚಿಕ್ಕಮಗಳೂರು ಉಪಚುನಾವಣೆ. ರಾಯಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಯವರಿಗಾಗಿ ಡಿ. ಬಿ. ಚಂದ್ರೇಗೌಡರು ತಮ್ಮ ಸ್ಥಾನ ಬಿಟ್ಟುಕೊಟ್ಟಿದ್ದರು. ಅವರ ಎದುರು ಜನತಾ ಪಕ್ಷ ನಿಲ್ಲಿಸಿದ್ದು ವೀರೇಂದ್ರ ಪಾಟೀಲರನ್ನು. ಜಾರ್ಜ್ ಫರ್ನಾಂಡಿಸರು ಕಾಫಿ ತೋಟಗಳ ನಡುವೆ ಬೀಡುಬಿಟ್ಟರು. ಈ ಕಡೆ ಮುಖ್ಯಮಂತ್ರಿ ಅರಸರು ಇಂದಿರಾ ಅವರ ಬೆನ್ನಿಗೆ ನಿಂತರು. ಕಾಂಗ್ರೆಸ್ಸಿಗೆ ಹೊಸದಾಗಿ ಬಂದ ಗುರುತು ಕೈ. ಇಡೀ ಜಗತ್ತಿನ ಪತ್ರಿಕೆಗಳು ಮಲೆನಾಡಿನ ಆ ಊರಿನ ಹೆಸರನ್ನು ಉಚ್ಚರಿಸಲು ಕಲಿತವು. ಎಣಿಕೆಯಾದಾಗ ಇಂದಿರಾ ಅವರಿಗೆ 2,49,376 ಮತ, ಪಾಟೀಲರಿಗೆ 1,72,043. 77,333 ಮತಗಳ ಸೋಲು. ಚುನಾವಣೆಯ ಕಣದಲ್ಲಿ ಜನ ನೇರವಾಗಿ ಅವರಿಗೆ ಹೇಳಿದ "ಬೇಡ" ಎಂಬ ಮಾತು ಅದು. ಹೊರಗಿನ ಜಿಲ್ಲೆಯವರಾಗಿ ಹೋಗಿ, ದೇಶವನ್ನೇ ಆಳಿದ ಹೆಣ್ಣುಮಗಳ ಎದುರು ನಿಂತು, ಒಂದೂಮುಕ್ಕಾಲು ಲಕ್ಷದ ಹತ್ತಿರ ಮತ ಪಡೆದದ್ದು ಸಣ್ಣ ಸಂಗತಿಯಲ್ಲ ಎಂದು ನಮ್ಮ ಕಡೆಯವರು ಸಮಾಧಾನ ಮಾಡಿಕೊಂಡರು.

ಇಲ್ಲಿಗೆ ಬಂದಾಗ ಪಾಟೀಲರ ಬಗ್ಗೆ ಒಂದು ಕಠಿಣ ಮಾತು ಹೇಳದೆ ವಿಧಿಯಿಲ್ಲ. 1978ರ ನವೆಂಬರಿನಲ್ಲಿ ಇಂದಿರಾ ಅವರಿಗೆ ಎದುರಾಗಿ ನಿಂತವರು 1980ರ ಚುನಾವಣೆಯಲ್ಲಿ ಅವರದೇ ಪಕ್ಷದಿಂದ ಬಾಗಲಕೋಟೆಯಲ್ಲಿ ನಿಂತು ಗೆದ್ದರು. ಮುಂದೆ ಅವರ ಸಂಪುಟದಲ್ಲೇ ಮಂತ್ರಿಯಾದರು. ಪೆಟ್ರೋಲಿಯಂ, ಹಡಗು-ಸಾರಿಗೆ, ಕಾರ್ಮಿಕ ಖಾತೆಗಳು ಅವರ ಕೈಗೆ ಬಂದವು. ಜನತಾ ಪಕ್ಷ ಒಡೆದು ಚೂರಾಗಿತ್ತು, ನಿಲ್ಲಲು ನೆಲವಿರಲಿಲ್ಲ ಎಂಬುದು ನಿಜ. ಆದರೂ ಅವರನ್ನು ನಂಬಿ ರೈತನ ಗುರುತಿಗೆ ಒತ್ತಿದವರಿಗೆ ಅದನ್ನು ಹೇಗೆ ವಿವರಿಸುವುದು? ಆಯಿ ಮಾತ್ರ ನಕ್ಕುಬಿಟ್ಟಳು. "ಸೊಸಿ ಅತ್ತಿ ಕೂಡ ಜಗಳಾಡಿ ಮತ್ತ ಅದೇ ಮನ್ಯಾಗ ಒಲಿ ಹಚ್ಚಂಗಿಲ್ಲೇನು?" ಎಂದಳು. ಹೆಂಗಸರಿಗೆ ಹೊಂದಿಕೊಂಡು ಹೋಗುವುದರಲ್ಲಿ ಅವಮಾನ ಕಾಣುವುದಿಲ್ಲವೋ, ಕಂಡರೂ ಕಾಣದಂತೆ ಇರಲು ಕಲಿತಿರುತ್ತಾರೋ ನಾನರಿಯೆ.

ನಮ್ಮ ಕಲಬುರ್ಗಿಯ ಕಥೆಯೂ ಆಗ ವಿಚಿತ್ರವಾಗಿತ್ತು. 1980ರಲ್ಲಿ ಧರ್ಮಸಿಂಗ್ ಅವರು ಇಲ್ಲಿ ಲೋಕಸಭೆಗೆ ಗೆದ್ದರು. ದಿಲ್ಲಿಯಲ್ಲಿ ವಾಜಪೇಯಿಯವರ ಎದುರು ಸೋತಿದ್ದ ಕೇರಳದ ಸಿ. ಎಂ. ಸ್ಟೀಫನ್ ಅವರಿಗಾಗಿ ಆ ಸ್ಥಾನವನ್ನು ಬಿಟ್ಟುಕೊಟ್ಟರು. ಕನ್ನಡವೇ ಬಾರದ ಅಭ್ಯರ್ಥಿಯನ್ನು ನಾವು ಕೈ ನೋಡಿ ಗೆಲ್ಲಿಸಿ ಕಳಿಸಿದೆವು. ಅವರು ತೀರಿಕೊಂಡ ಮೇಲೆ, 1984ರ ಕೊನೆಯ ಚುನಾವಣೆಯಲ್ಲಿ ವೀರೇಂದ್ರ ಪಾಟೀಲರು ಕಲಬುರ್ಗಿಯಿಂದ ಲೋಕಸಭೆಗೆ ಹೋದರು. ಇಂದಿರಾ ಅವರ ಹತ್ಯೆಯಾಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಒಂದು ಕಾಲಕ್ಕೆ ಅವರ ಎದುರಾಳಿಯಾಗಿದ್ದವರು ಅವರ ಸಾವಿನ ದುಃಖದ ಅಲೆಯಲ್ಲಿಯೇ ಗೆದ್ದರು. ಮರುವರ್ಷ ಭೋಪಾಲ್ ಅನಿಲ ದುರಂತದ ಪರಿಹಾರದ ಮಸೂದೆ ಸಂಸತ್ತಿನ ಮುಂದೆ ಬಂದಾಗ ರಾಸಾಯನಿಕ ಖಾತೆಯ ಮಂತ್ರಿ ನಮ್ಮ ಈ ಪಾಟೀಲರೇ.

ನನ್ನ ಕಥೆ ಶುರುವಾಗುವುದು 1989ರಿಂದ. ಆ ವರ್ಷವೇ ಓಟಿನ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದರು. ನನಗೆ ಹತ್ತೊಂಬತ್ತು. ಬೊಮ್ಮಾಯಿಯವರ ಸರಕಾರವನ್ನು ಏಪ್ರಿಲಿನಲ್ಲಿ ವಜಾ ಮಾಡಿದ್ದರಿಂದ ರಾಜ್ಯದಲ್ಲಿ ಮತ್ತೆ ರಾಷ್ಟ್ರಪತಿ ಆಳ್ವಿಕೆ ಇತ್ತು. ನವೆಂಬರಿನಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ. ಪಾಟೀಲರು ಪ್ರದೇಶ ಕಾಂಗ್ರೆಸ್ಸಿನ ಮುಂದಾಳಾಗಿ ರಾಜ್ಯವನ್ನೆಲ್ಲ ಸುತ್ತಿದರು. ತಾವು ಮತ್ತೆ ಚಿಂಚೋಳಿಯಲ್ಲೇ ನಿಂತರು. ಆಯಿ ಟ್ರಂಕಿನ ತಳದಿಂದ ಇಳಕಲ್ಲ ಸೀರೆ ತೆಗೆದು ಉಟ್ಟಳು. ಹೆಂಗಸರ ಸಾಲಿನಲ್ಲಿ ಅವಳು ಮುಂದೆ, ನಾನು ಹಿಂದೆ. ಚೀಟಿಯನ್ನು ಉದ್ದಕ್ಕೆ ಮಡಚಬೇಕು, ಅಡ್ಡ ಮಡಚಿದರೆ ಮಸಿ ಇನ್ನೊಂದು ಗುರುತಿಗೆ ಹತ್ತಿ ಓಟು ಕೆಡುತ್ತದೆ ಎಂದು ಅಕ್ಷರ ಬಾರದ ಆಯಿ ಕಾಲೇಜು ಓದುವ ನನಗೆ ಪಾಠ ಹೇಳಿದಳು. ಭಂಕೂರ ಶಹಾಬಾದ ಕ್ಷೇತ್ರದಲ್ಲಿದ್ದುದರಿಂದ ನಮ್ಮ ಚೀಟಿಯಲ್ಲಿ ಪಾಟೀಲರ ಹೆಸರಿರಲಿಲ್ಲ. ಆದರೂ ಹೊರಗೆ ಬಂದವಳೇ "ನಮ್ಮ ಪಾಟೀಲರಿಗಿ ಹಾಕಿ ಬಂದೆ ನೋಡು" ಎಂದಳು.

224ರಲ್ಲಿ 178 ಸ್ಥಾನ! ಈ ರಾಜ್ಯದಲ್ಲಿ ಅದಕ್ಕೆ ಮುಂಚೆಯಾಗಲಿ, ಆಮೇಲಾಗಲಿ ಯಾವ ಪಕ್ಷಕ್ಕೂ ಅಷ್ಟು ಸ್ಥಾನ ಸಿಕ್ಕಿಲ್ಲ. ಹದಿನೆಂಟು ವರ್ಷಗಳ ಮೇಲೆ, 1989ರ ನವೆಂಬರ್ 30ರಂದು ಪಾಟೀಲರು ಮತ್ತೆ ಮುಖ್ಯಮಂತ್ರಿಯಾದರು. ಆಯಿಯ ಮನಸ್ಸಿನ ಅಳುಕು ಅಂದು ಇಳಿಯಿತು. ತಾನು ಕಳೆದದ್ದನ್ನು ತಾನೇ ತಂದುಕೊಟ್ಟೆ ಎಂಬಂತೆ ಆ ದಿನವೆಲ್ಲ ಮನೆಯಲ್ಲಿ ಓಡಾಡಿದಳು.

ಹಣಕಾಸಿನ ವಿಷಯದಲ್ಲಿ ಬಿಗಿ, ಮಾತಿನಲ್ಲಿ ಮಿತ ಎಂದು ಪಾಟೀಲರಿಗೆ ಹೆಸರಿತ್ತು. ಸಾರಾಯಿ ದೊರೆಗಳನ್ನು ಎದುರು ಹಾಕಿಕೊಂಡದ್ದೇ ಅವರಿಗೆ ಮುಳುವಾಯಿತು ಎಂಬ ಮಾತು ನಮ್ಮ ಕಡೆ ಇಂದಿಗೂ ಇದೆ. ಸಾರಾಯಿಯ ಪೆಟ್ಟು ಬೆನ್ನಿಗೆ ಬೀಳುವುದು ಹೆಂಗಸರಿಗೇ ಆದ್ದರಿಂದ ಓಣಿಯ ಹೆಂಗಸರು ಆ ಮಾತನ್ನು ಸುಲಭವಾಗಿ ನಂಬಿದರು. ರಾಜ್ಯದಲ್ಲಿ ಸಾರಾಯಿ ನಿಂತದ್ದು ಮುಂದೆ 2007ರಲ್ಲಿ.

1990ರಲ್ಲಿ ಪಾಟೀಲರಿಗೆ ಲಕ್ವಾ ಹೊಡೆದು ಅವರು ಹಾಸಿಗೆ ಹಿಡಿದರು. ಅದೇ ಹೊತ್ತಿಗೆ ದೇಶದಲ್ಲಿ ರಥಯಾತ್ರೆಯ ಕಾವು. ಅಕ್ಟೋಬರಿನಲ್ಲಿ ದಾವಣಗೆರೆ, ಚನ್ನಪಟ್ಟಣ, ರಾಮನಗರಗಳಲ್ಲಿ ಗಲಭೆಗಳಾಗಿ ಜೀವಗಳು ಹೋದವು. ಆಗ ವಿರೋಧ ಪಕ್ಷದಲ್ಲಿದ್ದ ರಾಜೀವ್ ಗಾಂಧಿಯವರು ಬೆಂಗಳೂರಿಗೆ ಬಂದು ಹಾಸಿಗೆಯಲ್ಲಿದ್ದ ಪಾಟೀಲರನ್ನು ಕಂಡರು. ಹಿಂತಿರುಗುವಾಗ ವಿಮಾನ ನಿಲ್ದಾಣದಲ್ಲಿ, ರಾಜ್ಯಕ್ಕೆ ಹೊಸ ನಾಯಕನನ್ನು ಆರಿಸಲಾಗುವುದು ಎಂದು ಪತ್ರಕರ್ತರ ಮುಂದೆ ಹೇಳಿಬಿಟ್ಟರು. ಪಾಟೀಲರು ಸುಮ್ಮನೆ ಒಪ್ಪಲಿಲ್ಲ. ಎಳೆದಾಟ ನಡೆಯಿತು. ಅಕ್ಟೋಬರ್ 10ರಂದು ಒಂದು ವಾರದ ಮಟ್ಟಿಗೆ ರಾಷ್ಟ್ರಪತಿ ಆಳ್ವಿಕೆ ಬಂತು. 17ರಂದು ಎಸ್. ಬಂಗಾರಪ್ಪನವರು ಪ್ರಮಾಣವಚನ ತೆಗೆದುಕೊಂಡರು. 178 ಸ್ಥಾನ ಗೆದ್ದು ಬಂದವರ ಅಧಿಕಾರ ಉಳಿದದ್ದು 10 ತಿಂಗಳು 10 ದಿನ.

ನಾನು ರೇಡಿಯೋದ ವಾರ್ತೆ ಕೇಳಿ ಆಯಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು.

"ಯಾರ್ ತಗದ್ರು?"

"ದಿಲ್ಲಿಯವರು, ಆಯಿ."

"ಆಗ ನಾ ತಗದೆ ಅಂತ ಇಷ್ಟು ವರ್ಷ ಮನಸಿಗಿ ಹಚ್ಕೊಂಡಿದ್ದೆ. ಈಗ ನಾ ತಗದಿಲ್ಲಲ್ಲ? ನೀ ತಗದಿಲ್ಲಲ್ಲ? ಮತ್ತ ನಮಗ ಒಂದ್ ಮಾತ್ ಕೇಳಬಾರದೇನು? ಲಕ್ವಾ ಹೊಡದ ಮನಿಷಾಗ ಎದ್ದು ಕುಂದ್ರತನಾನೂ ತಾಳಬಾರದೇನು?"

ಕಾಲೇಜಿನಲ್ಲಿ ಓದಿದ್ದನ್ನೆಲ್ಲ ಹೇಳಿದೆ. ಮುಖ್ಯಮಂತ್ರಿಯನ್ನು ನಾವು ನೇರವಾಗಿ ಆರಿಸುವುದಿಲ್ಲ, ಶಾಸಕರು ಆರಿಸುತ್ತಾರೆ, ಅವರ ವಿಶ್ವಾಸ ಇರುವವರೆಗೆ ಕುರ್ಚಿ. 1971ರಲ್ಲಿ ಪಾಟೀಲರನ್ನು ಇಳಿಸಿದ್ದೂ ನಿನ್ನ ಓಟಲ್ಲ, ಶಾಸಕರ ಹಾರಾಟ ಎಂದೆ. ಊರು ಉರಿಯುವಾಗ ಮುಖ್ಯಮಂತ್ರಿ ಹಾಸಿಗೆಯಲ್ಲಿದ್ದರೆ ರಾಜ್ಯದ ಗತಿಯೇನು ಎಂದೂ ಕೇಳಿದೆ. ಇದೆಲ್ಲ ಸರಿಯಾದ ಮಾತೇ. ಆದರೆ ಹೇಳುತ್ತಿರುವಾಗಲೇ ನನಗೆ ಗೊತ್ತಿತ್ತು, ಆಯಿಯ ಪ್ರಶ್ನೆಗೆ ಇದು ಉತ್ತರವಲ್ಲ ಎಂದು. ನಾಯಕನನ್ನು ಬದಲಿಸಬೇಕಾಗಿದ್ದರೆ ಅದನ್ನು ಮೊದಲು ನಿರ್ಧರಿಸಬೇಕಾದವರು ನಾವು ಆರಿಸಿ ಕಳಿಸಿದ ಶಾಸಕರು. ವಿಮಾನ ನಿಲ್ದಾಣದಲ್ಲಿ ಆಡಿದ ಮಾತಿನ ಹಿಂದೆ ಅವರು ನಡೆದರು. ಆಯಿ ಎಲ್ಲವನ್ನೂ ಕೇಳಿ, "ಅಂದರ ಆಗ ನಾ ತಗದದ್ದೂ ಅಲ್ಲ, ಈಗ ನಾ ಕುಂದ್ರಿಸಿದ್ದೂ ಅಲ್ಲ ಅನ್ನು" ಎಂದು ಮತ್ತೆ ರೊಟ್ಟಿಗೆ ಕೈ ಹಾಕಿದಳು. ಅವಳ ಅಳುಕನ್ನು ಕಳೆಯಲು ಹೋಗಿ ಅವಳ ನಂಬಿಕೆಯನ್ನೂ ಕಳೆದೆನೇನೋ ಎಂದು ನನಗೆ ಆಗ ಅನಿಸಿತು.

ಜನ ಉತ್ತರ ಕೊಟ್ಟದ್ದು ನಾಲ್ಕು ವರ್ಷದ ಮೇಲೆ. ಅಷ್ಟರಲ್ಲಿ ಬಂಗಾರಪ್ಪನವರೂ ಹೋಗಿ ವೀರಪ್ಪ ಮೊಯಿಲಿಯವರು ಬಂದಿದ್ದರು. ಒಂದೇ ಅವಧಿಯಲ್ಲಿ ಮೂವರು. 1994ರ ಚುನಾವಣೆಯಲ್ಲಿ 178 ಇದ್ದದ್ದು 34ಕ್ಕೆ ಇಳಿಯಿತು. ಜನತಾದಳ 115 ಸ್ಥಾನ ಗೆದ್ದು ದೇವೇಗೌಡರು ಮುಖ್ಯಮಂತ್ರಿಯಾದರು. ಕಾಂಗ್ರೆಸ್ಸಿನ ಸೋಲಿಗೆ ಕಾರಣಗಳು ಹಲವು. ಆದರೆ ಪಾಟೀಲರನ್ನು ಇಳಿಸಿದ ರೀತಿ ಲಿಂಗಾಯತ ಸಮಾಜದ ಮನಸ್ಸನ್ನು ಆ ಪಕ್ಷದಿಂದ ದೂರ ಮಾಡಿತು ಎಂಬುದನ್ನು ರಾಜಕೀಯ ಬಲ್ಲವರು ಇಂದಿಗೂ ಹೇಳುತ್ತಾರೆ. ವಿಮಾನ ನಿಲ್ದಾಣದ ಆ ಮಾತು ಈಗಲೂ ಚುನಾವಣೆ ಭಾಷಣಗಳಲ್ಲಿ ಕೇಳಿಬರುತ್ತದೆ. ಪಾಟೀಲರು ಮಾತ್ರ 1997ರ ಮಾರ್ಚ್ 14ರಂದು ತೀರಿಕೊಂಡರು.

ಅವರ ನಂತರ ನಮ್ಮ ಜಿಲ್ಲೆಯಿಂದ ಮುಖ್ಯಮಂತ್ರಿಯಾದವರು ಜೇವರ್ಗಿಯ ಧರ್ಮಸಿಂಗ್. 2004ರ ಮೇ 28ರಂದು ಬಂದವರು, ಜೊತೆಯ ಪಕ್ಷ ಕೈಬಿಟ್ಟದ್ದರಿಂದ 2006ರ ಆರಂಭದಲ್ಲಿ ಇಳಿದರು. ಕಲಬುರ್ಗಿಯ ಮಣ್ಣಿನಿಂದ ಇಬ್ಬರು ಮೂರು ಸಲ ಆ ಕುರ್ಚಿಯಲ್ಲಿ ಕುಳಿತರು. ಮೂರು ಸಲವೂ ಅವರನ್ನು ಇಳಿಸಿದ್ದು ವಿಧಾನಸಭೆಯ ಚುನಾವಣೆಯಲ್ಲ. ಒಮ್ಮೆ ಹಾರಿದ ಶಾಸಕರು, ಒಮ್ಮೆ ಪಕ್ಷದ ಹಿರಿಯರು, ಒಮ್ಮೆ ಮುನಿದ ಮಿತ್ರರು. ಮತದಾರರ ಕೈಗೆ ಆ ತೀರ್ಪು ಕೊಡುವ ಸರದಿ ಬರಲೇ ಇಲ್ಲ.

ಈಗ ಶಹಾಬಾದ ಎಂಬ ವಿಧಾನಸಭಾ ಕ್ಷೇತ್ರವೇ ಇಲ್ಲ. 2008ರ ಹೊತ್ತಿಗೆ ಗಡಿಗಳನ್ನು ಬದಲಿಸಿದಾಗ ಅದು ಅಳಿಸಿಹೋಯಿತು. ಚೀಟಿ ಹೋಗಿ ಯಂತ್ರ ಬಂದಿದೆ. ಗುಂಡಿ ಒತ್ತಿದರೆ ಪಕ್ಕದ ಗಾಜಿನೊಳಗೆ ನಾವು ಒತ್ತಿದ ಗುರುತು ಏಳು ಸೆಕೆಂಡು ಕಾಣಿಸಿ ಕೆಳಗೆ ಬೀಳುತ್ತದೆ. ಆಯಿ ಇದನ್ನು ನೋಡಲು ಉಳಿಯಲಿಲ್ಲ. ಅಂದು ಆ ಮಾತು ಹೇಳಿದ ಮೇಲೂ ಅವಳು ಇರುವವರೆಗೆ ಒಂದು ಚುನಾವಣೆಯನ್ನೂ ತಪ್ಪಿಸಲಿಲ್ಲ. "ಅವರು ಕೇಳ್ಲಿ ಬಿಡ್ಲಿ, ನಾವು ಹೇಳೋದು ಹೇಳಿ ಬರಬೇಕು" ಎನ್ನುತ್ತ ಅದೇ ಇಳಕಲ್ಲ ಸೀರೆ ಉಟ್ಟು ಹೊರಡುತ್ತಿದ್ದಳು. 1952ರಲ್ಲಿ ಬಾಗಿಲ ಮರೆಯಿಂದ ತನ್ನ ಹೆಸರು ಕೂಗಿ ಹೇಳಿದವಳಲ್ಲವೆ ಅವಳು! ಗಾಜಿನೊಳಗಿನ ಆ ಗುರುತು ಕೆಳಗೆ ಬೀಳುವಾಗಲೆಲ್ಲ ನನಗೆ ಅವಳ ಮಾತು ನೆನಪಾಗುತ್ತದೆ.